ಬಾಲ ಇದ್ದ ಚಿಟ್ಟೆ

ಮನುಷ್ಯನಿಗೆ ಒಂದಾದರೂ ಹುಚ್ಚು ಇರಬೇಕು ಎಂದು ಹೇಳುವವರಿದ್ದಾರೆ. ಅವರು ಹುಚ್ಚಿನವನ ಹೆಂಡತಿಯನ್ನು ಒಂದು ಮಾತು ಕೇಳಿ ಆಮೇಲೆ ಹೇಳಿದ್ದರೆ ಚೆನ್ನಾಗಿತ್ತು. ನನ್ನ ಹುಚ್ಚು ಚಿಟ್ಟೆಯದು. ಮಲಬಾರಿನ ಗುಡ್ಡಗಳ ನಡುವೆ ಪನಮರದ ಬಯಲಿನಲ್ಲಿ ತಲೆತಲಾಂತರದಿಂದ ಭತ್ತ ಬೆಳೆದುಕೊಂಡು ಬಂದ ಜೈನರ ಮನೆಯವನಿಗೆ ಇದು ಎಲ್ಲಿಂದ ಅಂಟಿತು ಎಂದರೆ, ಕಾಫಿ ತೋಟದ ಬಿಳಿ ದೊರೆಯೊಬ್ಬನಿಂದ. ಅವನು ದೇಶ ಬಿಡುವಾಗ ಮನೆಯ ಸಾಮಾನೆಲ್ಲ ಹರಾಜು ಹಾಕಿದ. ನಾನು ಹೋದದ್ದು ಬೀಜದ ಭತ್ತ ಇಡಲು ಇಲಿ ಕೊರೆಯದಂಥ ಮರದ ಪೆಟ್ಟಿಗೆ ತರಲು. ತಂದದ್ದೂ ಪೆಟ್ಟಿಗೆಯೇ, ಆದರೆ ಕ್ಯಾಮೆರಾ ಪೆಟ್ಟಿಗೆ. ಜೊತೆಗೆ ಬಣ್ಣದ ಚಿತ್ರಗಳಿದ್ದ ಒಂದು ಚಿಟ್ಟೆ ಪುಸ್ತಕ. ನನ್ನ ಹೆಂಡತಿ ಪದ್ಮಾವತಿ ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಎಷ್ಟು ಕಾಳು ಹಿಡಿಸ್ತದೆ ಅಂದ್ರಿ?" ಎಂದಳು.

ದೊರೆ ಚಿಟ್ಟೆಗಳನ್ನು ಹಿಡಿದು ಸೂಜಿ ಚುಚ್ಚಿ ಗಾಜಿನೊಳಗೆ ಇಡುತ್ತಿದ್ದ. ಕುಡಿಯುವ ನೀರನ್ನೂ ಸೋಸುವ ನಮ್ಮ ಮನೆಯಲ್ಲಿ ಅದು ನಡೆಯುವ ಮಾತೇ? ಹಾಗಾಗಿ ನಾನು ಫೋಟೋ ತೆಗೆಯುವುದು, ಆಮೇಲೆ ಪುಸ್ತಕದ ಚಿತ್ರಗಳ ಪಕ್ಕದಲ್ಲಿಟ್ಟು ಹೆಸರು ಪತ್ತೆ ಹಚ್ಚುವುದು. ಕಷ್ಟವೇನೆಂದರೆ ಪುಸ್ತಕದಲ್ಲಿ ಕಾಮನಬಿಲ್ಲು, ನನ್ನ ಫೋಟೋದಲ್ಲಿ ಬರೀ ಮಸಿ. ಕೆಂಪು ಚಿಟ್ಟೆಯೂ ಕಪ್ಪು, ಹಸಿರು ಚಿಟ್ಟೆಯೂ ಕಪ್ಪು. ಆದರೂ ಒಂದು ಹೆಸರು ಸರಿಯಾಗಿ ಕೂತಿತೆಂದರೆ ನನಗೆ ಆಗುತ್ತಿದ್ದ ಆನಂದವನ್ನು ಏನೆಂದು ಹೇಳಲಿ! ಗದ್ದೆಯ ಬದುವಿನ ಮೇಲೆ ಒಬ್ಬನೇ ನಗುತ್ತಾ ಹೋಗುವುದನ್ನು ಕಂಡವರು ನನ್ನ ಹೆಂಡತಿಯ ಹತ್ತಿರ ಮರುಕದಿಂದ ಮಾತಾಡುತ್ತಿದ್ದರು.

ಹೀಗಿರುವಾಗ ಹೊಳೆಯ ದಡದ ಒದ್ದೆ ಮರಳಿನ ಮೇಲೆ ಒಂದು ಮಹಾಚಿಟ್ಟೆ ಕಂಡಿತು. ಅಂಗೈ ಅಗಲ, ಕಡುಗಪ್ಪು, ಮೇಲೆ ನೀಲಿ. ಪುಸ್ತಕದ ಒಂದೇ ಪುಟದಲ್ಲಿ ಅಂಥವು ಎರಡಿದ್ದವು, ಒಂದಕ್ಕೆ ರೆಕ್ಕೆಯ ತುದಿಯಲ್ಲಿ ಬಾಲ, ಇನ್ನೊಂದಕ್ಕೆ ಇಲ್ಲ. ನಮ್ಮದಕ್ಕೆ ಬಾಲ ಇದೆ ಎಂದು ನಾನು. ಬಟ್ಟೆ ಒಗೆಯಲು ಹೋದಾಗ ದಿನಾ ನೋಡುತ್ತೇನೆ, ಬಾಲವೂ ಇಲ್ಲ ಗೀಲವೂ ಇಲ್ಲ ಎಂದು ಪದ್ಮಾವತಿ. ಮಾತಿಗೆ ಮಾತು ಬೆಳೆದು ಕೊನೆಗೆ ಪಂಥವಾಯಿತು. ಫೋಟೋದಲ್ಲಿ ಬಾಲ ಕಂಡರೆ ಕ್ಯಾಮೆರಾ ಮನೆಯಲ್ಲಿ ಉಳಿಯಬೇಕು, ಕಾಣದಿದ್ದರೆ ಅದನ್ನು ಮಾರಿ ಬೀಜದ ಪೆಟ್ಟಿಗೆ ತರಬೇಕು. ರೋಲಿನಲ್ಲಿ ಉಳಿದದ್ದು ಕೊನೆಯ ಒಂದು ಫೋಟೋ. ಹೊಸ ರೋಲಿಗೆ ಕೋಳಿಕ್ಕೋಡಿಗೇ ಹೋಗಬೇಕು.

ತಿರುವಾಂಕೂರಿನ ಜನ ಬಸ್ಸು ತುಂಬಾ ಬಂದಿಳಿದು ಕಾಡು ಕಡಿದು ಕಪ್ಪ, ಅಂದರೆ ಮರಗೆಣಸು, ನೆಡುತ್ತಿದ್ದ ಕಾಲ ಅದು. ನಮ್ಮ ಪಕ್ಕದ ಗುಡ್ಡದಲ್ಲಿ ವರ್ಕಿ ಚೇಟ್ಟನ್ ಗುಡಿಸಲು ಹಾಕಿದ್ದರು. ಭಾನುವಾರ ಏನು ಕೆಲಸ ಗೌಡರೆ ಎಂದು ಅವರು ಕೇಳಿದಾಗ ನನಗೆ ಉತ್ಸಾಹ ಉಕ್ಕಿತು. ಉತ್ಸಾಹ ಉಕ್ಕಿದರೆ ನನ್ನ ಮಲಯಾಳ ಕೈಕೊಡುತ್ತದೆ. ಚಿಟ್ಟೆಗೆ ಅವರು ಪೂಂಬಾಟ್ಟ ಎನ್ನುವುದು ಮರೆತೇಹೋಗಿ, "ಹೊಳೆದಡದಲ್ಲಿ ಚಿಟ್ಟೆ ಪಿಡಿಕ್ಕಾನ್ ಪೋಗುನ್ನು" ಎಂದುಬಿಟ್ಟೆ. ಚಿಟ್ಟೆ ಹಿಡಿಯಲು ಹೋಗುತ್ತೇನೆ ಎಂದು ನನ್ನ ಅರ್ಥ. ಆದರೆ ತಿರುವಾಂಕೂರಿನವರು ಚೀಟಿ ವ್ಯವಹಾರಕ್ಕೆ ಚಿಟ್ಟಿ ಎನ್ನುತ್ತಾರೆ, ಚೀಟಿ ಎತ್ತುವುದಕ್ಕೆ ಚಿಟ್ಟಿ ಪಿಡಿಕ್ಕುವುದು ಎನ್ನುತ್ತಾರೆ. ಮಲಬಾರಿನವರಾಗಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ, ಅವರ ಬಾಯಲ್ಲಿ ಅದು ಕುರಿ. (ಆ ಕುರಿಗೆ ಸೇರಲು ಹೋಗಿ ಉಣ್ಣೆಯ ವಿಚಾರ ಕೇಳಿದ ನಮ್ಮ ಸೋದರಮಾವನ ಕಥೆ ಬೇರೆಯೇ ಇದೆ.)

ಭಾನುವಾರ ಹೊಳೆದಡಕ್ಕೆ ಹೋದೆ. ಚಿಟ್ಟೆ ಅಲ್ಲೇ ಇತ್ತು! ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿಕೊಂಡು ಬಗ್ಗಿದೆ. ಅಷ್ಟರಲ್ಲಿ ಹಿಂದೆ ಗದ್ದಲ. ತಿರುಗಿ ನೋಡಿದರೆ ಪಳ್ಳಿಯಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ನೇರವಾಗಿ ಬಂದ ದಂಡು, ಮುಂದೆ ವರ್ಕಿ ಚೇಟ್ಟನ್. ಬಿಸಿಲಲ್ಲಿ ಗುಡ್ಡ ಹತ್ತಿಳಿದು ಅವರ ಬಿಳಿ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು.

"ಗೌಡರೆ, ಚಿಟ್ಟಿಗೆ ನಮ್ಮನ್ನೂ ಸೇರಿಸ್ಕೊಳ್ಳಣಂ!"

ಚಿಟ್ಟೆ ಹಾರಿತು. ನನ್ನ ಜೀವವೂ ಜೊತೆಗೇ ಹಾರಿತು. ಸಿಟ್ಟಿನಲ್ಲಿ ಏನು ಬೈದೆನೋ, ಕನ್ನಡದಲ್ಲಿ ಬೈದದ್ದರಿಂದ ಸ್ನೇಹ ಉಳಿಯಿತು. ಆ ಚಿಟ್ಟಿ ಅಲ್ಲ, ಈ ಚಿಟ್ಟೆ ಎಂದು ಎರಡೂ ಕೈ ಬಡಿದು ಹಾರಿ ತೋರಿಸಿದೆ. "ಅಯ್ಯೋ, ಪೂಂಬಾಟ್ಟಯೋ!" ಎಂದು ಅವರು ಬಿದ್ದು ಬಿದ್ದು ನಗುತ್ತಿರುವಾಗ ಆ ಚಿಟ್ಟೆ ಒಂದು ಸುತ್ತು ಹಾಕಿ ಬಂದು ವರ್ಕಿ ಚೇಟ್ಟನ್ ಹೆಗಲ ಮೇಲೆ ಕೂತು ಬೆವರು ಹೀರತೊಡಗಿತು. "ಅನಙ್ಙಲ್ಲೇ!" ಎಂದು ಚೀರಿದೆ, ಅಲುಗಬೇಡಿ ಎಂದು. ಇಡೀ ದಂಡು ಉಸಿರು ಬಿಗಿಹಿಡಿಯಿತು. ವರ್ಕಿ ಚೇಟ್ಟನ್ ಕಲ್ಲಾಗಿ ನಿಂತರು. ನಾನು ಒತ್ತಿದೆ. ಆ ಕ್ಷಣ ನನಗಾದ ಸಂತೋಷಕ್ಕೆ ನನ್ನ ಮದುವೆಯ ದಿನವೂ ಸಾಟಿಯಲ್ಲ, ಇದನ್ನು ಪದ್ಮಾವತಿಗೆ ಹೇಳಬೇಡಿ.

ಫೋಟೋ ತೊಳೆದು ಬಂತು. ಏನು ಫೋಟೋ ಅದು! ವರ್ಕಿ ಚೇಟ್ಟನ್ ಮೀಸೆಯ ಕೂದಲನ್ನು ಬಿಡಿಬಿಡಿಯಾಗಿ ನೋಡಬಹುದಿತ್ತು. ಹೆಗಲ ಮೇಲೆ ಮಾತ್ರ ಒಂದು ಮಸುಕು ಕಲೆ. ಚೇಟ್ಟನ್ ಅಲುಗಿರಲಿಲ್ಲ, ಚಿಟ್ಟೆ ರೆಕ್ಕೆ ಬಡಿಯುತ್ತಲೇ ಇತ್ತು. ನಾನು ಹೇಳಿದ್ದು ಮಲಯಾಳದಲ್ಲಿ, ಅದಕ್ಕೆ ಅರ್ಥವಾಗಲಿಲ್ಲವೋ ಏನೋ.

"ಬಾಲ ಎಲ್ರೀ?" ಎಂದಳು ಪದ್ಮಾವತಿ.

"ಚಿಟ್ಟೆಯೇ ಎಲ್ಲಿದೆ ಅಂತ ಗೊತ್ತಿಲ್ಲ, ಬಾಲ ಎಲ್ಲಿಂದ ತರಲಿ?" ಎಂದೆ. ಕ್ಯಾಮೆರಾ ಕೈಬಿಟ್ಟುಹೋಯಿತೆಂದುಕೊಂಡೆ. ಅದೇ ಹೊತ್ತಿಗೆ ವರ್ಕಿ ಚೇಟ್ಟನ್ ಬಂದರು. ಫೋಟೋ ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, ನಾನು ಇಲ್ಲಿಗೆ ಬಂದ ಮೇಲೆ ಊರಲ್ಲಿರುವ ನನ್ನ ತಾಯಿ, ಅಮ್ಮಚ್ಚಿ, ನನ್ನ ಮುಖ ನೋಡಿಲ್ಲ ಗೌಡರೆ, ಇದನ್ನು ಕಳಿಸಲೇ ಎಂದರು. ಪದ್ಮಾವತಿ ಒಳಗೆ ಹೋಗಿ ಬೆಲ್ಲದ ಕಾಫಿ ತಂದಳು. ಬೀಜದ ಪೆಟ್ಟಿಗೆಯ ಸುದ್ದಿಯನ್ನು ಅವಳು ಮತ್ತೆ ಎತ್ತಲಿಲ್ಲ. ಅಮ್ಮಚ್ಚಿಯ ಮಾತನ್ನು ಮುಂದಿನ ಬಸ್ಸಿನಲ್ಲಿ ಬಂದವರು ತಂದರು: ಮಗ ಮೈತುಂಬಿಕೊಂಡಿದ್ದಾನೆ, ಸಂತೋಷ, ಆದರೆ ಫೋಟೋಕ್ಕೆ ನಿಲ್ಲುವಾಗಲಾದರೂ ಅಂಗಿ ಒಗೆದು ಹಾಕಬಾರದೇ?

ಈಗ ಗುಡ್ಡದ ಜನರೆಲ್ಲ ಊರಿಗೆ ಫೋಟೋ ಕಳಿಸಲು ನನ್ನ ಹತ್ತಿರ ಬರುತ್ತಾರೆ, ರೋಲನ್ನೂ ಅವರೇ ತರಿಸುತ್ತಾರೆ. ನಾನು ಎಲ್ಲರನ್ನೂ ಹೊಳೆದಡದ ಒದ್ದೆ ಮರಳಿನ ಮೇಲೆ ನಿಲ್ಲಿಸುತ್ತೇನೆ. ಮಿಂದು ಮಡಿಯುಟ್ಟು ಬಂದವರನ್ನು ಒಂದಿಷ್ಟು ಹೊತ್ತು ಗುದ್ದಲಿ ಹಿಡಿದು ಬೆವರಿ ಬನ್ನಿ ಎಂದು ಹಿಂದಕ್ಕೆ ಕಳಿಸುತ್ತೇನೆ. ಮೈಮುರಿದು ದುಡಿಯುವವರನ್ನು ಕಂಡರೆ ನಮ್ಮ ಗೌಡರಿಗೆ ಎಷ್ಟು ಗೌರವ ನೋಡಿ ಎಂದು ಅವರು ಊರೆಲ್ಲ ಹೊಗಳುತ್ತಿದ್ದಾರಂತೆ. ನಾನು ತಿದ್ದಲು ಹೋಗಿಲ್ಲ.