ಒಣದ್ರಾಕ್ಷಿ ಕೊಳ್ಳಲು ಅರ್ಜಿ ನಮೂನೆ

ಅರ್ಜಿ ತುಂಬುವುದೆಂದರೆ ನನಗೆ ಹೊಸ ಸೀರೆಯ ಮಡಿಕೆ ಬಿಚ್ಚಿದಷ್ಟು ಸುಖ. ಒಂದು ಚೌಕಕ್ಕೆ ಒಂದೇ ಅಕ್ಷರ, ಗೆರೆ ದಾಟಬಾರದು, ಯಾವ ಜಾಗವೂ ಖಾಲಿ ಉಳಿಯಬಾರದು ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ಇನ್ನೂ ನನ್ನ ಬೆರಳಲ್ಲಿದೆ. ಬ್ಯಾಂಕಿಗೆ ಹೋದರೆ ಪಕ್ಕದವರ ಚೀಟಿಯನ್ನೂ ನಾನೇ ತುಂಬಿಕೊಡುತ್ತೇನೆ. ಅವರು ಕೇಳಿರುವುದಿಲ್ಲ, ಆ ಮಾತು ಬೇರೆ.

ಹೀಗಾಗಿ ಟಿಕೋಟಾಕ್ಕೆ ಕೊಟ್ಟಿರುವ ನನ್ನ ನಾದಿನಿ ಶೈಲಾ ತನ್ನ ತೋಟದ ಒಣದ್ರಾಕ್ಷಿ ಮಾರಲು ವೆಬ್‌ಸೈಟ್ ಮಾಡಿಸಿದಾಗ, ಅದರಲ್ಲಿ ಏನೇನು ಬರೆಯಬೇಕು ಎನ್ನುವುದು ನನ್ನ ಪಾಲಿಗೆ ಬಂತು. ವೆಬ್‌ಸೈಟ್ ಕಟ್ಟಿಕೊಟ್ಟವಳು ವಿಜಯಪುರದ ನಮ್ಮ ಎದುರುಮನೆಯ ತಬಸ್ಸುಮ್, ಎಂಜಿನಿಯರಿಂಗ್ ಓದುವ ಹುಡುಗಿ. ಪ್ರತಿವರ್ಷ ಶೈಲಾಳ ಮಾಲು ವ್ಯಾಪಾರಿಯ ಲಾರಿ ಏರಿ ಯಾರದೋ ಹೆಸರಿನ ಪೊಟ್ಟಣ ಸೇರುತ್ತಿತ್ತು. ಈ ಸಲ ತನ್ನ ಹೆಸರಿನಲ್ಲೇ ಮಾರಬೇಕೆಂದು ಅವಳ ಹಟ. ಮೂರು ವಾರ ಕಳೆದರೂ ಒಂದು ಆರ್ಡರೂ ಬರಲಿಲ್ಲ. “ಅಮಾಸಿ ತನಕಾ ನೋಡ್ತೀನ್ರಿ ವೈನಿ, ಆಮ್ಯಾಲ ಎಲ್ಲಾ ಲಾರಿಗೆ ಹಾಕಿಬಿಡ್ತೀನಿ” ಎಂದು ಫೋನಿನಲ್ಲಿ ಹೇಳಿದಳು. ಯಾವಾಗಲೂ ಗಟ್ಟಿಯಾಗಿ ಮಾತಾಡುವವಳ ದನಿ ಸಣ್ಣದಾಗಿತ್ತು.

ನನಗೆ ವೆಬ್‌ಸೈಟಿನ ಬಣ್ಣದ ಮೇಲೆ ಗುಮಾನಿ. ಆ ತಿಳಿಹಸಿರು ಆಸ್ಪತ್ರೆಯ ಗೋಡೆಯಂತಿದೆ, ಬದಲಾಯಿಸು ಎಂದೆ. ತಬಸ್ಸುಮ್ ಒಪ್ಪಲಿಲ್ಲ. “ಬಣ್ಣ ಇರ್ಲಿ ಆಂಟಿ. ಯಾರರೆ ಖರೀದಿ ಮಾಡೂದನ್ನ ಬಾಜೂಕ ಕುಂತು ನೋಡೂಣು. ನೀವು ಮಾತ್ರ ನಡುವ ಬಾಯಿ ಹಾಕಬ್ಯಾಡ್ರಿ.”

ಸಿಕ್ಕವರು ನನ್ನ ಅತ್ತೆ. ಬಬಲೇಶ್ವರದ ತವರಿನಿಂದ ಅಂದೇ ಮರಳಿದ್ದರು. ಮಗಳ ಅಂಗಡಿಗೆ ತಾವೇ ಮೊದಲ ಗಿರಾಕಿ ಆಗಬೇಕೆಂದು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಕುಳಿತರು. ಫೋನಿನಲ್ಲಿ ವೆಬ್‌ಸೈಟ್ ತೆರೆಯಿತು. ಒಂದು ದ್ರಾಕ್ಷಿಯೂ ಕಾಣುವ ಮೊದಲು ನಾನು ಬರೆದ ಅರ್ಜಿ ಕಂಡಿತು: ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ಅಡ್ಡರಸ್ತೆ, ಇಮೇಲ್, ಪಾಸ್‌ವರ್ಡ್.

“ಇದೇನ ಬೇ, ಬಾಗಲದಾಗ ನಿಂದ್ರಿಸಿ ಕುಲಗೋತ್ರ ಕೇಳಾಕತ್ತೈತಿ?” ಎಂದರು ಅತ್ತೆ. “ನಮ್ಮ ಮನಿಗೆ ಗುರ್ತಿಲ್ಲದವರು ಬಂದ್ರೂ ಮೊದಲ ನೀರು, ಬೆಲ್ಲ ಕೊಡ್ತೀವಿ. ಯಾರು, ಯಾಕ ಬಂದೀರಿ ಅನ್ನೂದೆಲ್ಲಾ ಆಮ್ಯಾಲ.”

ನಾನು ಬಾಯಿ ತೆರೆದೆ. ತಬಸ್ಸುಮ್ ನನ್ನ ಮೊಣಕಾಲು ಒತ್ತಿದಳು.

ಆದರೂ ಮಗಳ ಮೇಲಿನ ಮಮತೆಗೆ ಅತ್ತೆ ಮುಂದುವರಿದರು. ಮನೆ ಸಂಖ್ಯೆಯ ಜಾಗದಲ್ಲಿ, ಒಂದೊಂದೇ ಅಕ್ಷರ ಹುಡುಕಿ, ‘ಬೇವಿನ ಗಿಡದ ಹಿಂದಿನ ಮನಿ’ ಎಂದು ಒತ್ತಿದರು. ಕೆಂಪಗೆ ‘ತಪ್ಪು’ ಎಂದು ಬಂತು. “ಮೂವತ್ತು ವರ್ಷ ಆತು ಇಲ್ಲೇ ಅದೀನಿ, ತಪ್ಪಂತ!” ಎಂದು ಫೋನನ್ನು ಬೋರಲು ಇಟ್ಟೇಬಿಟ್ಟರು. “ನಾ ಬಸ್ ಹತ್ತಿ ಟಿಕೋಟಾಕ್ಕ ಹೋಗ್ತೀನಿ. ಶೈಲಾ ಮೊದಲ ಒಂದು ಹಿಡಿ ಕೈಯಾಗ ಹಾಕ್ತಾಳ. ಯಾರು ಬರದಾರ ಇದನ್ನ?”

ತಬಸ್ಸುಮ್ ಫ್ಯಾನಿನ ಕಡೆ ನೋಡಿದಳು. ನಾನು ಚಹಾಕ್ಕೆ ಇಡಲು ಎದ್ದೆ.

ಮರುದಿನವೇ ಎಲ್ಲ ತಿರುವುಮುರುವು ಮಾಡಿದೆವು. ತೆರೆದ ಕೂಡಲೇ ಶೈಲಾಳ ಅಂಗೈ, ಅದರ ತುಂಬ ಹೊಂಬಣ್ಣದ ಒಣದ್ರಾಕ್ಷಿ, ಕೆಳಗೆ ಅವಳದೇ ಮಾತು, “ಬೀಜ ಇಲ್ಲ, ಹುಳಿ ಇಲ್ಲ, ನೋಡ್ರಿ.” ಆಮೇಲೆ ಎಷ್ಟು ಬೇಕು ಎಂಬ ಪ್ರಶ್ನೆ. ಕಟ್ಟಕಡೆಗೆ ಹೆಸರು, ಮೊಬೈಲ್ ನಂಬರ್. ಅಷ್ಟೇ. ವಿಳಾಸವನ್ನು ಫೋನಿನಲ್ಲಿ ಕೇಳಿಕೊಳ್ಳುವುದು ಎಂದಾಯಿತು. ನನ್ನ ಅರ್ಜಿಯ ಚೌಕಗಳು ಒಂದೊಂದಾಗಿ ಅಳಿಯುವಾಗ ನನಗೆ ಹಲ್ಲು ಕೀಳಿಸಿಕೊಂಡಂತಾಯಿತು. ಅತ್ತೆ ಯಾರ ಸಹಾಯವೂ ಇಲ್ಲದೆ ಎರಡು ಕಿಲೋ ತರಿಸಿಕೊಂಡರು. ಅವರ ಹಿಂದೆ ಒಬ್ಬೊಬ್ಬರೇ ಬಂದರು. ಅಮಾವಾಸ್ಯೆಗೆ ಲಾರಿ ಬಂದದ್ದು ನಿಜ, ಆದರೆ ಅರ್ಧವೂ ತುಂಬಲಿಲ್ಲ. “ಉಳಿದದ್ದೆಲ್ಲಾ ನನ್ನ ಹೆಸರಿನ್ಯಾಗ ಹೋತು ವೈನಿ!” ಎಂದು ಶೈಲಾ ಕೂಗಿದ್ದಕ್ಕೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಗಿರಾಕಿಗಳಿಗೆ ಫೋನ್ ಮಾಡಿ ವಿಳಾಸ ಬರೆದುಕೊಳ್ಳುವ ಕೆಲಸ ಈಗ ನನ್ನದು. ಬಹಳ ಸಂತೋಷದಿಂದ ಮಾಡುತ್ತೇನೆ. ಮೊನ್ನೆ ತಬಸ್ಸುಮ್ ಬಂದು ಬಾಗಿಲಲ್ಲೇ ನಿಂತು ಹೇಳಿದಳು: “ಆಂಟಿ, ಭೂತನಾಳದ ಗಿರಾಕಿ ಒಬ್ಬರು ವೆಬ್‌ಸೈಟ್ ಭಾಳ ಹಗುರ ಆಗೇತಿ ಅಂದ್ರು. ಆಮ್ಯಾಲ ಬರೂ ಫೋನ್ ಒಂದಿಷ್ಟು ಸಣ್ಣದು ಮಾಡ್ರಿ ಅಂದ್ರು. ಅಲ್ರೀ, ಅವರ ಗಂಡನ ಹೆಸರು ಯಾಕ ಕೇಳಿದ್ರಿ?”