ಥಾಯ್ಲೆಂಡಿನ ಕಂಬ ತಟ್ಟಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪನನ್ನು ಮನೆಗೆ ಕರೆಯುವವರು ಮೊದಲು ತಮ್ಮ ಮನೆಯ ಕಂಬಗಳಿಗೆ ಧೈರ್ಯ ಹೇಳಿಡುವುದು ಒಳ್ಳೆಯದು. ಯಾಕೆಂದರೆ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಅವರು ಮೊದಲು ಯೋಗಕ್ಷೇಮ ವಿಚಾರಿಸುವುದು ಮನೆಯವರದ್ದಲ್ಲ, ಕಂಬದ್ದು! ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟುತ್ತಾರೆ, ಕಿವಿಯಿಟ್ಟು ಕೇಳುತ್ತಾರೆ, ಉಗುರಿನಿಂದ ಕೆರೆದು ಮೂಸುತ್ತಾರೆ. ಆಮೇಲೆ ತೀರ್ಪು. ಬೀಟೆ, ಹೊನ್ನೆ, ಹಲಸು, ಸಾಗುವಾನಿ ಎಂದು ಬಾಯಿಬಿಟ್ಟರೆ ಆ ಮನೆಯವರು ಮರ್ಯಾದಸ್ಥರು. ಏನೂ ಹೇಳದೆ ಕೂತುಬಿಟ್ಟರೆ ಬೇಗ ಕಾಫಿ ಕೊಟ್ಟು ಕಳಿಸಿಬಿಡಬೇಕು.

ಅವರೇನು ಮರದ ವ್ಯಾಪಾರಿಯೇ? ಅಲ್ಲ. ಬಡಗಿಯೇ? ಅದೂ ಅಲ್ಲ. ಗೋಣಿಬೀಡಿನ ಹತ್ತಿರ ಕಾಫಿ ತೋಟ ಇಟ್ಟುಕೊಂಡು, ಕಾಫಿಗಿಡದ ಕಡೆ ಮಾತ್ರ ಹೆಚ್ಚು ಗಮನ ಕೊಡದೆ ಬದುಕಿದವರು. ಜಗತ್ತಿನಲ್ಲಿ ಎರಡೇ ಜಾತಿ ಎಂಬುದು ಅವರ ಸಿದ್ಧಾಂತ, ಒರಿಜಿನಲ್ ಮತ್ತು ಡೂಪ್ಲಿಕೇಟ್. ನನ್ನ ತಮ್ಮನಿಗೆ ವಸ್ತಾರೆ ಕಡೆ ಹೆಣ್ಣು ನೋಡಲು ಹೋದಾಗ ನಾವೆಲ್ಲ ಹುಡುಗಿಯನ್ನು ನೋಡುತ್ತಿದ್ದರೆ ಇವರು ಕಂಬ ಮೂಸುತ್ತಿದ್ದರು. ಹುಡುಗಿಯ ಅಪ್ಪನಿಗೆ ಕೇಳುವ ಹಾಗೆಯೇ, "ಅಗ್ಗದ ಸಿಲ್ವರ್ ಮರಕ್ಕೆ ಬೀಟೆ ಬಣ್ಣ ಹೊಡೆದಿದ್ದಾರೆ ಮಾರಾಯ" ಎಂದರು. ಸಂಬಂಧ ಅಲ್ಲಿಗೇ ಮುರಿಯಿತು. ಆ ಹುಡುಗಿ ಬೇರೆ ಕಡೆ ಸುಖವಾಗಿದ್ದಾಳೆ. ನನ್ನ ತಮ್ಮನೂ ಸುಖವಾಗಿದ್ದಾನೆ, ಹಲಸಿನ ಕಂಬದ ಮನೆಯ ಅಳಿಯನಾಗಿ.

ದೊಡ್ಡಪ್ಪ ತಮ್ಮ ಸ್ವಂತ ಮದುವೆಗೆ ಒಪ್ಪಿದ್ದೂ ಕಂಬ ನೋಡಿಯೇ! ದೊಡ್ಡಮ್ಮನ ತವರಿನ ಜಗಲಿಯಲ್ಲಿ ನಾಲ್ಕು ಹೊನ್ನೆ ಕಂಬಗಳಿದ್ದವಂತೆ, ಅವುಗಳ ಮೇಲೆ ತೀರಾ ತಗ್ಗಿನ ಒಂದು ತೊಲೆ. ಹೆಣ್ಣು ನೋಡಲು ಹೋದವರು ಕಂಬದ ಮೇಲೇ ಕಣ್ಣಿಟ್ಟು ಮೆಟ್ಟಿಲು ಹತ್ತಿದ್ದಾರೆ, ತೊಲೆ ಠಪ್ಪೆಂದು ಹಣೆಗೆ ಬಡಿದಿದೆ. ಬಾಗಿಲ ಹಿಂದಿನಿಂದ ಒಂದು ನಗು ಕೇಳಿದೆ. ಆ ನಗುವೇ ನಮ್ಮ ದೊಡ್ಡಮ್ಮ. ದೊಡ್ಡಪ್ಪನ ಹುಬ್ಬಿನ ಮೇಲೆ ಆಗ ಆದ ಗಾಯದ ಗುರುತು ಇವತ್ತಿಗೂ ಇದೆ. ಮದುವೆಯಾದ ಮೇಲೂ ತವರಿಗೆ ಹೋದಾಗಲೆಲ್ಲ ದೊಡ್ಡಮ್ಮ ಮೆಟ್ಟಿಲ ಬಳಿ, "ಬಗ್ಗಿ ಬನ್ನಿ, ತೊಲೆ ತಾಗುತ್ತೆ" ಎನ್ನುವುದು, ಇವರು ಕಂಬ ತಟ್ಟುತ್ತಾ ಮತ್ತೆ ಹೊಡೆಸಿಕೊಳ್ಳುವುದು. ಬುದ್ಧಿವಂತರ ಲಕ್ಷಣ ನೋಡಿ!

ಆಮೇಲೆ ಅಣೆಕಟ್ಟು ಬಂತು. ದೊಡ್ಡಮ್ಮನ ತವರು, ಜಗಲಿ, ಕಂಬ ಎಲ್ಲವೂ ಹಿನ್ನೀರಿಗೆ ಹೋದವು. ಒಂದು ಫೋಟೋ ಕೂಡ ಉಳಿಯಲಿಲ್ಲ. ಗೋಣಿಬೀಡಿನಲ್ಲಿ ಹೊಸ ಮನೆ ಕಟ್ಟಿಸುವಾಗ ದೊಡ್ಡಮ್ಮ ಜೀವಮಾನದಲ್ಲಿ ಒಂದೇ ಒಂದು ಕೇಳಿದರು, ತವರಿನ ಜಗಲಿಯಂಥದ್ದೊಂದು ಜಗಲಿ ಮಾಡಿಸಿಕೊಡಿ ಎಂದು. ನಮ್ಮ ಸಿದ್ಧಾಂತವಾದಿಗಳು ಬಿಟ್ಟಾರೆಯೇ? "ಮುಳುಗಿದ್ದು ಮುಳುಗ್ತು ಕಣೇ. ನಕಲು ಮಾಡಿದ್ರೆ ಅದು ನಿನ್ನ ತವರಾಗುತ್ತಾ?" ಎಂದುಬಿಟ್ಟರು. ದೊಡ್ಡಮ್ಮ ಮತ್ತೆ ಆ ಮಾತೆತ್ತಲಿಲ್ಲ. ಸಂಜೆಯಾದರೆ ಹೊಸ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಅದಕ್ಕೂ ಬೆನ್ನು ಕೊಡದೆ ನೆಟ್ಟಗೆ ಕೂರುತ್ತಿದ್ದರು. ನೋಡಿದವರಿಗೆ ಬಸ್ಸು ಕಾಯುತ್ತಿದ್ದಾರೇನೋ ಅನ್ನಿಸುತ್ತಿತ್ತು. ಇದನ್ನು ಇಡೀ ಬಂಧುಬಳಗ ಗಮನಿಸಿತ್ತು, ದೊಡ್ಡಪ್ಪ ಒಬ್ಬರನ್ನು ಬಿಟ್ಟು. ಅಥವಾ ನಾನು ಹಾಗೆ ತಿಳಿದಿದ್ದೆ.

ತೊಂಬತ್ತರ ದಶಕದ ನಡುವೆ ಕಾಫಿಗೆ ಬೆಲೆ ಬಂತಲ್ಲ, ಆಗ ನಮ್ಮ ಕಡೆಯವರಿಗೆ ಒಮ್ಮೆಲೇ ಭೂಗೋಳದ ಮೇಲೆ ಪ್ರೀತಿ ಹುಟ್ಟಿತು. ಮೂಡಿಗೆರೆ ಸಂತೆಗೆ ಹೋಗಿ ಬಂದಷ್ಟು ಸಲೀಸಾಗಿ ಬ್ಯಾಂಕಾಕಿಗೆ ಹೋಗಿಬರುತ್ತಿದ್ದರು. ದೊಡ್ಡಪ್ಪನೂ ಒಂದು ತಂಡಕ್ಕೆ ಸೇರಿದರು. ಇಂಗ್ಲಿಷ್ ಬರುತ್ತದೆಂಬ ಒಂದೇ ಅಪರಾಧಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ದೊಡ್ಡಮ್ಮ ಒಂದು ಡಬ್ಬಿ ಉಪ್ಪಿನಕಾಯಿ ಹಿಡಿದು ವಿಮಾನ ಹತ್ತಿದರು.

ಮೂರನೇ ದಿನ ನಮ್ಮನ್ನು ಊರ ಹೊರಗಿನ ಒಂದು ವಿಶಾಲವಾದ ಬಯಲಿಗೆ ಕರೆದೊಯ್ದರು. ಇಡೀ ಥಾಯ್ ದೇಶದ ಹಳೆಯ ಗುಡಿ, ಅರಮನೆ, ಮನೆಗಳನ್ನೆಲ್ಲ ಒಂದೇ ಕಡೆ ಸೇರಿಸಿಟ್ಟ ಜಾಗ ಅದು. ಕೆಲವನ್ನು ಇದ್ದಲ್ಲಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ, ಕೆಲವು ನೋಡಿ ಮಾಡಿದ ನಕಲುಗಳು ಎಂದು ಗೈಡ್ ಹುಡುಗಿ ವಿವರಿಸಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಹೇಳಬಾರದಿತ್ತು! ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿದರು.

ಮೊದಲ ಗುಡಿಯ ಕಂಬ ತಟ್ಟಿದರು, "ಡೂಪ್ಲಿಕೇಟ್." ಎರಡನೆಯದನ್ನೂ ತಟ್ಟಿದರು, "ಡೂಪ್ಲಿಕೇಟ್." ಕಾವಲಿನವನು ಓಡಿ ಬಂದ. ಇವರು ವೈದ್ಯರೇ ಎಂದು ಕೇಳಿದ. ಒಂದು ರೀತಿಯ ವೈದ್ಯರೇ ಎಂದೆ. ಬಿಚ್ಚಿ ತಂದ ಹಳೆಯ ಮರದ ಮನೆಯೊಂದು ಬಂದಾಗ ಮಾತ್ರ ಅದರ ಕಂಬ ಮೂಸಿ, ತಬ್ಬಿ, "ಸಾಗುವಾನಿ, ನೂರು ವರ್ಷದ್ದು" ಎಂದು ಕಣ್ಣು ಮುಚ್ಚಿದರು. ಹುಡುಗಿ ತನ್ನ ಪುಸ್ತಕ ತಿರುವಿ ನೋಡಿ ಚಪ್ಪಾಳೆ ತಟ್ಟಿದಳು. ಅಲ್ಲಿಗೆ ಮುಗಿಯಿತು! ಆಮೇಲೆ ಯಾವ ಕಟ್ಟಡ ಬಂದರೂ ಅವಳೇ ಬಾಯಿಮುಚ್ಚಿ ಇವರ ಮುಖ ನೋಡತೊಡಗಿದಳು. ನಮ್ಮ ತಂಡ ದುಡ್ಡು ಕೊಟ್ಟು ಬಂದದ್ದು ದೊಡ್ಡಪ್ಪನ ಭಾಷಣ ಕೇಳಲಿಕ್ಕೆ ಎಂದಾಯಿತು.

ಗುಡಿಯೆಂದರೆ ಚಪ್ಪಲಿ ಬಿಡಬೇಕಲ್ಲ, ಡೂಪ್ಲಿಕೇಟಾದರೂ ದೇವರ ವಿಷಯದಲ್ಲಿ ದೊಡ್ಡಪ್ಪ ರಿಸ್ಕ್ ತೆಗೆದುಕೊಳ್ಳುವವರಲ್ಲ. ಕೊಳದ ಬದಿಯಲ್ಲಿ ಮೂರು ಮಡಿಕೆಯ ಚಾವಣಿಯ ಚಂದದ ಪುಟ್ಟ ಗುಡಿಯೊಂದಿತ್ತು. ಚಪ್ಪಲಿ ಬಿಟ್ಟು, ಕೈಮುಗಿದು, ಮೂರು ಪ್ರದಕ್ಷಿಣೆ ಹಾಕಿದರು. ಅವರ ಹಿಂದೆ ನಮ್ಮ ತಂಡದ ಇನ್ನೂ ಆರು ಜನ ಪ್ಲಾಂಟರುಗಳು. ಮೂರನೇ ಸುತ್ತು ಮುಗಿಯುವಷ್ಟರಲ್ಲಿ ಒಳಗಿನಿಂದ ಒಬ್ಬ ಬಿಳಿಯ ಕೈ ಒರೆಸಿಕೊಳ್ಳುತ್ತಾ ಹೊರಬಂದ. ಅದು ಶೌಚಾಲಯ! ದೊಡ್ಡಪ್ಪ ಕಂಗೆಡದೆ ಅದರ ಕಂಬ ತಟ್ಟಿ, "ಇದು ಒರಿಜಿನಲ್" ಎಂದರು.

ಮಧ್ಯಾಹ್ನದ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡ ಅರಮನೆಯ ಮುಂದೆ ನಿಂತೆವು. ಚಿನ್ನದ ಬಣ್ಣದ ಕೆತ್ತನೆ, ಆಕಾಶಕ್ಕೆ ಚುಚ್ಚುವ ಚಾವಣಿ. ದೊಡ್ಡಪ್ಪ ತಟ್ಟಿ ನಕ್ಕು, ಇದರ ಒರಿಜಿನಲ್ ಎಲ್ಲಿದೆ, ಕೇಳು ಎಂದರು. ಕೇಳಿದೆ. ಒರಿಜಿನಲ್ ಇಲ್ಲವಂತೆ. ಎಷ್ಟೋ ಕಾಲದ ಹಿಂದೆ ಯುದ್ಧದಲ್ಲಿ ಸುಟ್ಟುಹೋಯಿತಂತೆ. ಅದಿದ್ದ ಊರಿನಲ್ಲಿ ಈಗ ಅಡಿಪಾಯದ ಇಟ್ಟಿಗೆ ಮಾತ್ರ ಉಳಿದಿದೆಯಂತೆ. ಹಳೆಯ ಬರಹಗಳಲ್ಲಿ ಸಿಕ್ಕಿದಷ್ಟನ್ನು ಹಿಡಿದು ಇಲ್ಲಿ ಕಟ್ಟಿದ್ದಾರಂತೆ.

"ಹಾಗಾದ್ರೆ ಪಕ್ಕಾ ಡೂಪ್ಲಿಕೇಟ್" ಎಂದು ದೊಡ್ಡಪ್ಪ ತೀರ್ಪು ಕೊಟ್ಟು ತಿರುಗಿದರು. ದೊಡ್ಡಮ್ಮ ಆ ಅರಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಇಷ್ಟು ವರ್ಷ ನೆಟ್ಟಗಿದ್ದ ಬೆನ್ನು ಆ ಕಂಬಕ್ಕೆ ಒರಗಿತ್ತು.

"ಒರಿಜಿನಲ್ಲೇ ಇಲ್ಲ ಅಂದ್ಮೇಲೆ ಡೂಪ್ಲಿಕೇಟ್ ಅಂತ ಹೇಗೆ ಹೇಳ್ತೀರಿ?" ಎಂದರು ದೊಡ್ಡಮ್ಮ ಮೆಲ್ಲಗೆ. "ಅವರಿಗೆ ಇರೋದು ಇದೊಂದೇ ಅಲ್ವಾ."

ದೊಡ್ಡಪ್ಪ ಎತ್ತಿ ಕಟ್ಟಿದ ಪಂಚೆಯನ್ನು ಕೆಳಗಿಳಿಸಿದರು. ಆಮೇಲೆ ಬಸ್ಸಿನವರೆಗೆ ಒಂದು ಕಂಬವನ್ನೂ ಮುಟ್ಟಲಿಲ್ಲ. ಬಿಸಿಲು ನೆತ್ತಿಗೆ ಹತ್ತಿದೆ ಎಂದು ಎಲ್ಲರೂ ಸೇರಿ ಅವರಿಗೆ ಮೂರು ಎಳನೀರು ಕುಡಿಸಿದೆವು.

ಮುಂದಿನ ವರ್ಷ ಮಳೆಗಾಲ ಕಳೆದ ಮೇಲೆ ದೊಡ್ಡಮ್ಮ ಮಗಳ ಬಾಣಂತನಕ್ಕೆಂದು ಮಲ್ಲಂದೂರಿಗೆ ಹೋದರು. ಇತ್ತ ದೊಡ್ಡಪ್ಪ ಮನೆಯ ಮುಂದೆ ಪಾಯ ತೋಡಿಸಿದರು. ಯಾರಾದರೂ ಕೇಳಿದರೆ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಆಫೀಸು ಎನ್ನುತ್ತಿದ್ದರು. ನಾಲ್ಕು ಒಳ್ಳೆಯ ಹೊನ್ನೆ ಕಂಬಕ್ಕಾಗಿ ಕಳಸದವರೆಗೆ ಅಲೆದು ಬರಿಗೈಯಲ್ಲಿ ವಾಪಸಾದವರು, ಕೊನೆಗೆ ಸಿಮೆಂಟಿನಲ್ಲೇ ಎರಕ ಹೊಯ್ಯಿಸಿ ಮರದ ಬಣ್ಣ ಬಳಿಸಿದರು. ಹೌದು, ನಮ್ಮ ದೊಡ್ಡಪ್ಪನೇ! ಕಂಬದ ಮೇಲೆ ಮರದ ಗೆರೆ ಬರೆಯುವುದನ್ನು ಮಾತ್ರ ಬೇರೆಯವರಿಗೆ ಬಿಡಲಿಲ್ಲ, ತಾವೇ ಕುಂಚ ಹಿಡಿದು ಕೂತರು.

ಮುಳುಗಿದ ಜಗಲಿಯ ಅಳತೆಗೆ ಕಾಗದ ಎಲ್ಲಿತ್ತು? ನಾನು ಹೋದ ದಿನ ಅವರು ಕಂಬಗಳ ನಡುವೆ ನೆಟ್ಟಗೆ ನಿಂತು, ಹುಬ್ಬಿನ ಮೇಲಿನ ಗಾಯದ ಗುರುತಿಗೆ ಬೆರಳಿಟ್ಟು, ತೊಲೆ ಇಲ್ಲಿಗೆ ಬರಬೇಕು ಎಂದು ಮೇಸ್ತ್ರಿಗೆ ತೋರಿಸುತ್ತಿದ್ದರು.

"ಗೌಡ್ರೆ, ತಲೆಗೆ ತಾಗುತ್ತಲ್ಲ" ಎಂದ ಮೇಸ್ತ್ರಿ.

"ತಾಗಬೇಕು" ಎಂದರು ದೊಡ್ಡಪ್ಪ.

ದೊಡ್ಡಮ್ಮನನ್ನು ಮಲ್ಲಂದೂರಿನಿಂದ ಕರೆತಂದದ್ದು ನಾನೇ. ಜೀಪಿನಿಂದಿಳಿದವರು ಚೀಲ ನನ್ನ ಕೈಗಿಟ್ಟು ಕಂಬಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಮೆಟ್ಟಿಲು ಹತ್ತಿ, ಗಂಡನ ಹಾಗೆಯೇ ಬೆರಳ ಗೆಣ್ಣಿನಿಂದ ಕಂಬವನ್ನು ಮೂರು ಸಲ ತಟ್ಟಿ, ಕಿವಿಯಿಟ್ಟು ಕೇಳಿದರು. ಅಂಗಳದಲ್ಲಿದ್ದ ದೊಡ್ಡಪ್ಪನ ಮುಖ, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರ ಮುಖದಂತಾಗಿತ್ತು.

"ಸಿಮೆಂಟು ಕಣೇ" ಎಂದರು ನೆಲ ನೋಡುತ್ತಾ. "ಡೂಪ್ಲಿಕೇಟ್."

ದೊಡ್ಡಮ್ಮ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಕಾಲು ಚಾಚಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗಂಡನ ಕಡೆ ನೋಡಿ ಎಂದರು, "ಅಲ್ಲೇ ಯಾಕೆ ನಿಂತ್ರಿ? ಬಗ್ಗಿ ಬನ್ನಿ, ತೊಲೆ ತಾಗುತ್ತೆ."

ದೊಡ್ಡಪ್ಪನಿಗೆ ಆ ತೊಲೆಯ ಎತ್ತರ ಗೊತ್ತಿರಲಿಲ್ಲವೇ? ಅವರೇ ಅಳೆದು ಕೂರಿಸಿದ್ದು! ಆದರೂ ಬಗ್ಗಲಿಲ್ಲ. ತಲೆಯೆತ್ತಿಕೊಂಡೇ ಮೆಟ್ಟಿಲು ಹತ್ತಿದರು. ಠಪ್!

ದೊಡ್ಡಮ್ಮ ನಕ್ಕರು. ನಾನು ಹುಟ್ಟುವುದಕ್ಕೂ ಮುಂಚೆ ಬಾಗಿಲ ಹಿಂದೆ ಕೇಳಿದ್ದ ಆ ನಗುವನ್ನು ಅವತ್ತು ಮೊದಲ ಸಲ ನಾನೂ ಕೇಳಿದೆ. ನನ್ನ ಕಣ್ಣೂ ಒದ್ದೆಯಾಯಿತು. ದೊಡ್ಡಪ್ಪ ಹಣೆ ಉಜ್ಜಿಕೊಳ್ಳುತ್ತಾ ಅವರ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ ಆ ನಗು ಮುಗಿಯುವವರೆಗೂ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಒರಿಜಿನಲ್ ಮಾರಾಯ" ಎಂದರು.