ಸೋಲಲು ಬಾರದ ಮೊಟೊಕಿ

ಶಾಲೆಯ ಮಧ್ಯಾಹ್ನದ ಊಟದ ಗಾಡಿಯಲ್ಲಿ ಒಂದೇ ಒಂದು ಪುಡಿಂಗ್ ಉಳಿದದ್ದೇ ಮೊಟೊಕಿಯ ಗ್ರಹಚಾರ.

ಉಳಿದದ್ದಕ್ಕೆ ಜಂಕೆನ್ ಆಡಬೇಕು. ಕಲ್ಲು, ಕತ್ತರಿ, ಕಾಗದ ಎಂದು ಕೈ ಚಾಚಿ ಗೆದ್ದವರಿಗೆ ಪುಡಿಂಗ್. ಕಲ್ಲಿಗೆ ಕತ್ತರಿ ಸೋಲುತ್ತದೆ, ಕತ್ತರಿಗೆ ಕಾಗದ, ಕಾಗದಕ್ಕೆ ಕಲ್ಲು. ಆದರೆ ಆ ತರಗತಿಯಲ್ಲಿ ಗೆಲ್ಲುವವಳು ಸದಾ ಚಿಗುಸಾ. ಮುಂದಿನ ತರಗತಿಯವರೆಗೆ ಅವಳು ಬದುಕಿ ಉಳಿಯಲಾರಳೆಂದು ವೈದ್ಯರು ಹೇಳಿದ್ದು ಗೊತ್ತಾದ ಮೇಲೆ, ಅವಳೆದುರು ಎಲ್ಲರೂ ಸೋಲಬೇಕೆಂದು ಮಕ್ಕಳು ಗುಟ್ಟಾಗಿ ಒಪ್ಪಿಕೊಂಡಿದ್ದರು. ಅವಳು ಹಿಡಿಯುವುದು ಯಾವಾಗಲೂ ಕಲ್ಲು. ಕತ್ತರಿ ಹಿಡಿದರಾಯಿತು. ಪುಡಿಂಗ್ ಎಂದರೆ ಪ್ರಾಣ ಬಿಡುವ ದಢೂತಿ ಗೋಹೇ ಕೂಡ ಎಂಜಲು ನುಂಗಿಕೊಂಡು ಕತ್ತರಿ ಹಿಡಿಯುತ್ತಿದ್ದ.

ಅಂದು ಅವಳೆದುರು ನಿಲ್ಲುವ ಸರದಿ ಮೊಟೊಕಿಯದು. ಅವನು ಕತ್ತರಿ ಹಿಡಿದ. ಅವಳು ಕಾಗದ ಹಿಡಿದಳು!

ಮೊಟೊಕಿ ಗೆದ್ದುಬಿಟ್ಟಿದ್ದ.

"ಕಟುಕ ಕಣೋ ನೀನು!" ಎಂದಳು ಮಾನಿಟರ್ ಕಜುಹಾ.

"ನಾನೇನ್ ಮಾಡ್ಲಿ? ತಗೋ ಚಿಗುಸಾ, ನೀನೇ ತಿನ್ನು."

"ಗೆದ್ದಿರೋದು ನೀನು. ನನ್ನೆದುರಿಗೇ ತಿನ್ನು," ಎಂದಳು ಚಿಗುಸಾ.

ಮೊಟೊಕಿ ಕಷಾಯ ಕುಡಿಯುವವನಂತೆ ಪುಡಿಂಗ್ ತಿಂದ.

ಊಟವಾದ ಮೇಲೆ ಶಾಲೆ ಗುಡಿಸುವ ಹೊತ್ತು. ಜಂಕೆನ್‌ನಲ್ಲಿ ಸೋತವರಿಗೆ ಮೈದಾನದ ಮೂಲೆಯ ಕಕ್ಕಸು. ಚಿಗುಸಾಳಿಗೆ ವಿನಾಯಿತಿಯಿದ್ದರೂ ಅವಳು ಬಂದು ಮೊಟೊಕಿಯೆದುರು ನಿಂತೇಬಿಟ್ಟಳು.

"ಈಗಲಾದ್ರೂ ಸೋಲೋ, ಪುಣ್ಯಾತ್ಮ," ಎಂದು ಕಜುಹಾ ಅವನ ಬೆನ್ನು ಚಿವುಟಿದಳು.

ಅವಳು ಮತ್ತೆ ಕಾಗದ ಹಿಡಿಯುತ್ತಾಳೆಂದು ಲೆಕ್ಕ ಹಾಕಿ ಮೊಟೊಕಿ ಕಲ್ಲು ಹಿಡಿದ. ಅವಳದು ಕತ್ತರಿ. ಮತ್ತೆ ಗೆದ್ದ!

ಗಲಾಟೆ ಕೇಳಿ ಇವಾನಾಗ ಮೇಷ್ಟ್ರು ಓಡಿ ಬಂದರು. "ಬೇಡಮ್ಮ, ಬ್ರಷ್ ಇಲ್ಲಿ ಕೊಡು."

"ಸೋತಿದ್ದೀನಿ ಮೇಷ್ಟ್ರೇ. ಸೋತೋರಿಗೆ ಕಕ್ಕಸು ಅಂತ ನಿಯಮ ಮಾಡಿದ್ದು ನೀವೇ. ನಾನಿನ್ನೂ ಈ ತರಗತಿಯವಳೇ ತಾನೇ?"

ಮೇಷ್ಟ್ರು ಒಳಗೆ ಹೋಗಿ ತಮ್ಮ ಚಹಾದ ಕೆಟಲಿನ ಬಿಸಿನೀರನ್ನು ಅವಳ ಬಕೆಟ್ಟಿಗೆ ಸುರಿದು, ಕೈಗೆ ರಬ್ಬರ್ ಗವಸು ಕೊಟ್ಟು ಮುಖ ತಿರುಗಿಸಿಕೊಂಡು ಹೋದರು.

ಎಲ್ಲರ ಬೈಗುಳ ಹೊತ್ತು ಮೊಟೊಕಿ ಬಕೆಟ್ ಎತ್ತಿಕೊಂಡು ಅವಳ ಹಿಂದೆಯೇ ನಡೆದ. ಕಕ್ಕಸಿನ ಬಾಗಿಲಲ್ಲಿ ತಡೆಯಲಾರದೆ ಹೇಳಿಯೇಬಿಟ್ಟ: "ಆಣೆ ಮಾಡಿ ಹೇಳ್ತೀನಿ, ಎರಡು ಸಲವೂ ನಾನು ಸೋಲೋಕೇ ನೋಡಿದ್ದು."

ಚಿಗುಸಾ ಕೆಮ್ಮು ಬರುವಷ್ಟು ನಕ್ಕಳು. "ನಾನೂ ಅದಕ್ಕೇ ನೋಡಿದ್ದು, ಪೆದ್ದ! ಆರು ತಿಂಗಳಿಂದ ನಿಮ್ಮ ಕತ್ತರಿ ಮುಖ ನೋಡಿ ಸಾಕಾಗಿದೆ. ಸೋಲೋದ್ರಲ್ಲೂ ನಿನ್ನನ್ನ ಸೋಲಿಸ್ದೆ ನೋಡು. ಸಾವು ಬರೋದಾದ್ರೆ ಬರ್ಲಿ. ಅಲ್ಲೀವರೆಗೆ ನನಗೆ ಬಿಟ್ಟಿ ಗೆಲುವು ಬೇಡ. ಬಾ, ನಿಜವಾದ್ದೊಂದು ಆಡು. ಕನಿಕರ ತೋರಿಸಿದ್ಯೋ, ಈ ಬ್ರಷ್ಷಲ್ಲೇ ಬಾರಿಸ್ತೀನಿ."

ಮೊಟೊಕಿ ಹಲ್ಲು ಕಚ್ಚಿ, ಗೆಲ್ಲಲೇಬೇಕೆಂದು ಆಡಿದ. ಸೋತ. ಮತ್ತೆ ಆಡಿದ. ಮತ್ತೂ ಸೋತ. ಬ್ರಷ್ ಅವನ ಕೈಗೆ ಬಂತು. ಚಿಗುಸಾ ನೀರನ್ನೆಲ್ಲ ನೆಲಕ್ಕೆ ಸುರಿದು, ಬಕೆಟ್ ಬೋರಲು ಹಾಕಿ ಕೂತು, "ಆ ಮೂಲೆ, ಆ ಮೂಲೆ!" ಎಂದು ಅಪ್ಪಣೆ ಕೊಡತೊಡಗಿದಳು.

ಆಗಲೇ ಬಾಗಿಲಲ್ಲಿ ಕಜುಹಾಳ ಹಿಂದೆ ಇಡೀ ತರಗತಿ ಇಣುಕಿತು. ಮೊಣಕಾಲೂರಿ ಉಜ್ಜುತ್ತಿದ್ದ ಮೊಟೊಕಿಯನ್ನು ಕಂಡು ಕಜುಹಾಳ ಕಣ್ಣು ತುಂಬಿತು.

"ಅಂತೂ ಬೇಕಂತಲೇ ಸೋತೆಯಲ್ಲೋ. ಎಂಥಾ ಒಳ್ಳೇ ಮನಸ್ಸು ನಿಂದು!"

"ಇಲ್ಲ!" ಎಂದು ಮೊಟೊಕಿ ಬ್ರಷ್ ಎತ್ತಿ ಕೂಗಿದ. "ಈ ಸಲ ಮಾತ್ರ ನಾನು ನಿಜವಾಗ್ಲೂ ಸೋತಿದ್ದು ಕಣ್ರೇ!"

ಒಬ್ಬರೂ ನಂಬಲಿಲ್ಲ.